ಉಣಿಸದೆ ಕಳಿಸದ ಮೌಲಾಸಾಬ್ ಕಾಕಾ

ಮೌಲಾಸಾಬ್ ಕಾಕಾ ಪ್ಲಾಸ್ಟಿಕ್ ಟಬ್ಬಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಮೊದಲ ಸಲ ನೋಡಿದಾಗ ಮುದುಕರಿಗೆ ತಲೆಸುತ್ತು ಬಂದಿರಬೇಕು ಅಂದುಕೊಂಡು ನೀರು ಹುಡುಕಲು ಹೊರಟಿದ್ದೆ. ಅವರು ಕೈ ಎತ್ತಿ ತಡೆದು, "ಶ್! ಉಣ್ಣಾಕತ್ಯಾವ" ಎಂದರು. ಟಬ್ಬಿನೊಳಗೆ ಅಕ್ಕಿ ತೌಡು, ತೌಡಿನೊಳಗೆ ಲೆಕ್ಕವಿಲ್ಲದಷ್ಟು ಹಳದಿ ಹುಳ. ಮೇಲೆ ಹರಡಿದ್ದ ನುಗ್ಗೆಸೊಪ್ಪನ್ನು ಅವು ತಿನ್ನುವ ಸದ್ದು, ಕಿವಿ ಹಚ್ಚಿದರೆ, ನಿಜಕ್ಕೂ ಕೇಳುತ್ತಿತ್ತು. ಒಣ ಎಲೆಯ ಮೇಲೆ ಸಣ್ಣಗೆ ಮಳೆ ಹನಿದ ಹಾಗೆ. ಆ ಸದ್ದು ನಿಲ್ಲುವವರೆಗೆ ಕಾಕಾ ಒಂದು ಹುಳವನ್ನೂ ಯಾರ ಕೈಗೂ ಕೊಡುತ್ತಿರಲಿಲ್ಲ. ಇನ್ನೊಂದು ಪ್ರಾಣಿಯ ಹೊಟ್ಟೆಗೆ ಹೋಗಲು ಹೊರಟ ಹುಳಕ್ಕೆ ಹೊಟ್ಟೆತುಂಬ ಉಣಿಸಿ ಕಳಿಸುವ ಈ ಪದ್ಧತಿಯಿಂದ ಮೂರು ವರ್ಷ ನನ್ನ ಎಷ್ಟು ಭಾನುವಾರಗಳು ಹಾಳಾದವು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹುಳ ಹುಡುಕಿಕೊಂಡು ಅಲೆಯುವ ಹವ್ಯಾಸ ನನಗೆ ಹುಟ್ಟಿನಿಂದ ಬಂದದ್ದಲ್ಲ. ಗಂಗಾವತಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಔಷಧಿ ಅಂಗಡಿ. ಅಂಗಡಿ, ಮನೆ, ಅವ್ವ, ಇಷ್ಟರಲ್ಲಿ ನನ್ನ ದಿನ ಮುಗಿಯುತ್ತಿತ್ತು. ಹೀಗಿರುವಾಗ ನನ್ನ ತಮ್ಮ ಎಲ್ಲಿಂದಲೋ ಕಾಗದಪತ್ರ ಸಮೇತ ಒಂದು ವಿದೇಶಿ ಹಲ್ಲಿ ತಂದ. ಹಳದಿ ಮೈ, ಮೈತುಂಬ ಚಿರತೆಯಂಥ ಕಪ್ಪು ಚುಕ್ಕೆ, ಗಜ್ಜರಿಯಂಥ ದಪ್ಪ ಬಾಲ. ಬಂಗಾರಿ ಎಂದು ಹೆಸರಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ. ವರ್ಷ ತುಂಬುವುದರೊಳಗೆ ಅವನಿಗೆ ಮದುವೆಯಾಯಿತು, ಹುಬ್ಬಳ್ಳಿಗೆ ವರ್ಗವೂ ಆಯಿತು. ಹೊಸ ಹೆಂಡತಿ, "ಆ ಹಲ್ಲಿ ಬಂದ್ರ ನಾ ಬರಂಗಿಲ್ಲ" ಎಂದಳು. ಬಂಗಾರಿ ನನ್ನ ಕೊರಳಿಗೆ ಬಿತ್ತು. "ಗ್ವಾಡಿ ಮ್ಯಾಲ ಪುಕ್ಕಟೆ ಹಲ್ಲಿ ಓಡ್ಯಾಡತಾವ, ಈ ದಡ್ಡ ರೊಕ್ಕಾ ಕೊಟ್ಟು ತಂದು ನಮ್ಮ ಮನ್ಯಾಗ ಬಿಟ್ಟು ಹೋದ" ಎಂದು ಅವ್ವ ಗೊಣಗಿದಳು. ಅವಳು ಹೇಳಿದ್ದೂ ಖರೆ. ಗೋಡೆಯ ಹಲ್ಲಿ ತನ್ನ ಊಟ ತಾನು ನೋಡಿಕೊಳ್ಳುತ್ತದೆ. ಈ ರಾಣಿಗೆ ಜೀವಂತ ಹುಳವೇ ಬೇಕು, ಅದೂ ಕಣ್ಣೆದುರು ಹರಿದಾಡಬೇಕು. ಆದರೆ ಅಂಗಡಿಯಿಂದ ಸುಸ್ತಾಗಿ ಬಂದಾಗ ಗಾಜಿಗೆ ಮೂಗು ಒತ್ತಿ ನನ್ನನ್ನೇ ನೋಡುವ ಜೀವ ಮನೆಯಲ್ಲಿ ಅದೊಂದೇ ಇತ್ತು. ಅದು ಉಪವಾಸ ಬಿದ್ದು ಸಾಯುವುದನ್ನು ನೋಡುತ್ತಾ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಹಾಗೆ ವಿಚಾರಿಸುತ್ತ ವಿಚಾರಿಸುತ್ತ ಸಿಕ್ಕವರು ಕಾಲುವೆಯಾಚೆಯ ಓಣಿಯ ಮೌಲಾಸಾಬ್ ಕಾಕಾ. ಹತ್ತಿ ಹಿಂಜಿ ಗಾದಿ ತುಂಬುವುದು ಅವರ ಮನೆತನದ ಕಸುಬು. ಊರಿಗೆ ಸ್ಪಂಜಿನ ಗಾದಿ ಬಂದ ಮೇಲೆ ಹತ್ತಿ ಗಾದಿ ಕೇಳುವವರು ಕಡಿಮೆಯಾದರು. ಒಮ್ಮೆ ಹೊಸಪೇಟೆಯಲ್ಲಿ ಹಕ್ಕಿ, ಮೀನು ಮಾರುವ ಅಂಗಡಿಯವನಿಗೆ ಗಾದಿ ಕೊಡಲು ಹೋದಾಗ, ಅವನು ದೂರದ ಊರಿಂದ ಹುಳ ತರಿಸಿ ಅರ್ಧಕ್ಕರ್ಧ ಸತ್ತವೆಂದು ತಲೆ ಚಚ್ಚಿಕೊಳ್ಳುತ್ತಿದ್ದನಂತೆ. ಕಾಕಾ ಒಂದು ಹಿಡಿ ಹುಳ ಕೇಳಿ ತಂದರು. "ಹುಳಕ್ಕ ಏನ್ ಬೇಕ್ರಿ? ತೌಡು ಬೇಕು, ಬಿಸಿ ಬೇಕು. ಗಂಗಾವತ್ಯಾಗ ಅವೆರಡಕ್ಕ ಬರ ಐತೇನು?" ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಹುಳದ ಟಬ್ಬುಗಳು, ನಡುಮನೆಯಲ್ಲಿ ಚಿರ್ರೆನ್ನುವ ಜೀರುಂಡೆಯ ಡ್ರಮ್ಮು, ಹಿತ್ತಿಲ ಕಡೆಯ ತಗಡಿನ ಕೋಣೆಯಲ್ಲಿ ಜಾಲರಿ ಹೊಡೆದ ಪೆಟ್ಟಿಗೆಗಳು. ಅವುಗಳಲ್ಲಿ ಬಿಳಿ ಇಲಿಗಳು. ಗಾದಿಯಿಂದ ಉಳಿದ ಹತ್ತಿಯನ್ನೆಲ್ಲ ಕಾಕಾ ಇಲಿಗಳಿಗೆ ಕೊಟ್ಟಿದ್ದರು. ಬಾಣಂತಿ ಇಲಿಗೆ ಹೊಸ ಹತ್ತಿ, ಉಳಿದವಕ್ಕೆ ಹಳೆಯದು. "ಮನಸ್ಯಾರು ನಮ್ಮ ಗಾದಿ ಬಿಟ್ರು, ಇಲಿ ಬಿಟ್ಟಿಲ್ಲ" ಎಂದು ನಗುತ್ತಿದ್ದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಹಸೀನಾ, ಕುಷ್ಟಗಿಗೆ ಕೊಟ್ಟಿದ್ದರು.

ಮೊದಲ ಭಾನುವಾರ ನಾನು ಅವಸರದಲ್ಲಿದ್ದೆ. ಅಂಗಡಿಯನ್ನು ಅರ್ಧ ಗಂಟೆಗೆಂದು ಮುಚ್ಚಿ ಬಂದಿದ್ದೆ.

"ಬಾಯಾರ, ಕುಂದರ್ರಿ. ಈಗ ಊಟಕ್ಕ ಕುಂತಾವ."

"ಕಾಕಾ, ತಿನ್ನಾಕಂತ ಒಯ್ಯಾಕತ್ತೀನ್ರಿ ಅವನ್ನ. ಅವು ಉಂಡ್ರೇನು ಬಿಟ್ರೇನು?"

"ಹಂಗನಬ್ಯಾಡ್ರಿ. ಹುಳದ ಹೊಟ್ಯಾಗ ಇದ್ದದ್ದ ಹಲ್ಲಿ ಹೊಟ್ಟಿಗೆ ಹೋಗೋದು. ಖಾಲಿ ಹುಳಾ ತಿಂದ್ರ ಖಾಲಿ ಡಬ್ಬಿ ನುಂಗಿದಂಗ. ಮತ್ತ ಇನ್ನೊಂದು," ಎಂದು ಕಾಕಾ ದನಿ ತಗ್ಗಿಸಿದರು, "ನಮ್ಮ ಮನ್ಯಾಗಿಂದ ಇವತ್ತಿನತನಾ ಯಾರೂ ಹಸಕೊಂಡು ಹೋಗಿಲ್ರಿ."

ಮುಕ್ಕಾಲು ಗಂಟೆ ಕೂತೆ. ಆ ಮುಕ್ಕಾಲು ಗಂಟೆಯಲ್ಲಿ ನನಗೂ ಚಹಾ ಬಂತು, ಖಾರಾ ಚುರುಮುರಿ ಬಂತು. ಬೇಡವೆಂದರೆ ಕೇಳಬೇಕಲ್ಲ! ಕೊನೆಗೆ ಸದ್ದು ನಿಂತಿತು, ಕಾಕಾ ಕಿವಿ ತೆಗೆದರು, ಜರಡಿಯಲ್ಲಿ ತೌಡು ಸೋಸಿ ಹುಳವನ್ನು ತೂತು ಮುಚ್ಚಳದ ಡಬ್ಬಿಗೆ ಹಾಕಿದರು. ಮೇಲೆ ಒಲೆಯ ಬಿಸಿಗೆ ಒಣಗಿಸಿ ಕುಟ್ಟಿದ ಮೊಟ್ಟೆ ಸಿಪ್ಪೆಯ ಪುಡಿ ಒಂದು ಚಿಟಿಕೆ ಉದುರಿಸಿದರು. ನಾನು ಮುಖ ಊದಿಸಿಕೊಂಡು ಡಬ್ಬಿ ತೆಗೆದುಕೊಂಡೆ.

"ನೀವೂ ಅಂಗಡ್ಯಾಗ ಇದನ್ನ ಹೇಳತೀರಲ್ರಿ? ಉಂಡ ಮ್ಯಾಲೆ, ಉಂಡ ಮ್ಯಾಲೆ ಅಂತ?"

ಗುಳಿಗೆ ಕೊಡುವಾಗ ದಿನಕ್ಕೆ ನೂರು ಸಲ ನಾನು ಹೇಳುವ ಮಾತು ಅದು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅವರ ನೇಮಗಳು ಅದೊಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಪೊರೆ ಬಿಟ್ಟು ಬೆಳ್ಳಗೆ ಮೆತ್ತಗಾದ ಹುಳವನ್ನು ಕೊಡುವುದಿಲ್ಲ, "ಮೈಮ್ಯಾಲ ಬಟ್ಟಿ ಇಲ್ಲ, ಹೆಂಗ ಕಳಸ್ಲಿ?" ಮರಿಯಿಟ್ಟ ಇಲಿಯ ಪೆಟ್ಟಿಗೆ ಯಾರೂ ಇಣುಕುವಂತಿಲ್ಲ. ಫೋನು ಮಾಡಿ ಬರುತ್ತೇನೆಂದರೆ "ಬರ್ರಿ, ತಯಾರ ಅದಾವ" ಎನ್ನುವುದು, ಹೋದರೆ "ಈಗ ಸೊಪ್ಪು ಹಾಕೀನಿ, ಕುಂದರ್ರಿ" ಎನ್ನುವುದು. ಎರಡು ವರ್ಷದಲ್ಲಿ ನಾನು ಬಾಯಾರ್ ಹೋಗಿ ತಂಗಿಯಾದೆ. ಕಾಯುವುದು ಮಾತ್ರ ಒಂದು ನಿಮಿಷವೂ ಕಡಿಮೆಯಾಗಲಿಲ್ಲ.

ಒಂದು ಭಾನುವಾರ ನಾನು ಹೀಗೆ ಕಾಯುತ್ತಿದ್ದಾಗ ಮೂವರು ಯುವಕರು ಮೋಟಾರು ಸೈಕಲ್ಲಿನಲ್ಲಿ ಬಂದರು. ಗೆಳೆಯನ ಹತ್ತಿರ ವಿದೇಶಿ ಹೆಬ್ಬಾವು ಇದೆಯಂತೆ, ಅದಕ್ಕೆ ಜೀವಂತ ಇಲಿ ಬೇಕಂತೆ, ನುಂಗುವುದನ್ನು ಫೋನಿನಲ್ಲಿ ಹಿಡಿಯಬೇಕಂತೆ. ಕಾಕಾ ಇಲಿಯ ಕೋಣೆಯ ಚಿಲಕ ಹಾಕಿ ಬಂದು ಕಟ್ಟೆಯ ಮೇಲೆ ಕೂತರು.

"ಇಲ್ರಿ. ಮಜಾ ನೋಡಾಕ ನಾ ಇಲಿ ಕೊಡಂಗಿಲ್ಲ."

"ಏ ಚಾಚಾ, ಹಾವು ತಿನ್ನೂದ ಇಲೀನ ಅಲ್ಲೇನು?"

"ತಿನ್ನಲಿ, ಅದರ ನಸೀಬದಾಗ ಬರದದ್ದ ಅದು. ಆದರ ಯಾರರ ಉಣ್ಣಾಗ ಬಾಯಿ ನೋಡ್ಕೊಂತ ನಿಂದರ್ತಾರೇನ್ರಿ? ನೀವು ಉಣ್ಣಾಗ ನಾ ಬಂದು ನಿಂತು ಫೋಟೋ ಹೊಡದ್ರ ನಿಮಗ ತುತ್ತು ಇಳೀತೈತೇನು? ಉಣ್ಣೋರಿಗೆ ದೃಷ್ಟಿ ತಾಕ್ತೈತಿ, ಹೋಗ್ರಿ."

ಅವರು ಏನೋ ಗೊಣಗಿ ಹೊರಟರು. ಹೊಸಪೇಟೆಯ ಅಂಗಡಿಯವನಿಗೂ ಕಾಕಾ ಇದೇ ಕರಾರು ಹಾಕಿದ್ದರು: ಹಾವಿನ ಪೆಟ್ಟಿಗೆಗೆ ಇಲಿ ಇಟ್ಟ ಮೇಲೆ ಬಟ್ಟೆ ಮುಚ್ಚಬೇಕು, ಉಂಡು ಮುಗಿಯುವ ತನಕ ತೆಗೆಯಬಾರದು. ಆ ದಿನದಿಂದ ನಾನೂ ಬಂಗಾರಿಗೆ ಹುಳ ಹಾಕಿ ಗಾಜಿಗೆ ಹಳೇ ದುಪಟ್ಟಾ ಮುಚ್ಚತೊಡಗಿದೆ. ಯಾಕೆ ಎಂದು ಅವ್ವ ಕೇಳಿದರೆ ಹೇಳಲು ನಾಚಿಕೆಯಾಗುತ್ತಿತ್ತು.

ಒಮ್ಮೆ ಮಾತ್ರ ಹಟಕ್ಕೆ ಬಿದ್ದು, ಈ ಮುದುಕರ ಉಸಾಬರಿಯೇ ಬೇಡವೆಂದು ಪಾರ್ಸೆಲ್ಲಿನಲ್ಲಿ ಹುಳ ತರಿಸಿದೆ. ಮನೆಬಾಗಿಲಿಗೆ ಬಂದವು, ಕಾಯುವ ಗೋಜಿಲ್ಲ. ಎರಡು ತಿಂಗಳು ಅದನ್ನೇ ಹಾಕಿದೆ. ಬಂಗಾರಿ ತಿಂದಿತು. ಆದರೆ ಹಿಂಗಾಲು ಸೊಟ್ಟಗಾಗತೊಡಗಿದವು, ಹೊಟ್ಟೆಯನ್ನು ನೆಲಕ್ಕೆ ಎಳೆದುಕೊಂಡು ನಡೆಯತೊಡಗಿತು. ದನದ ಡಾಕ್ಟರ ಹತ್ತಿರ ಒಯ್ದರೆ ಅವರು ಡಬ್ಬಿಯ ಮುಚ್ಚಳ ತೆಗೆದು ಎರಡು ಹೆಜ್ಜೆ ಹಿಂದೆ ಸರಿದು, "ಎಮ್ಮಿ ಇದ್ರ ಕರಕೊಂಡ್ ಬರ್ರಿ" ಎಂದರು. ಹೆಮ್ಮೆ ಬದಿಗಿಟ್ಟು ಕಾಕಾನ ಕಟ್ಟೆ ಹತ್ತಿದೆ. ಬಂಗಾರಿಯ ಕಾಲನ್ನು ಬೆರಳ ತುದಿಯಲ್ಲಿ ಸವರಿ ನೋಡಿದರು.

"ಎಲುವು ಮೆತ್ತಗಾಗ್ಯಾವ. ಉಪಾಸದ ಹುಳಾ ತಿನಿಸೀ ತಂಗಿ."

ಅಷ್ಟೇ. ಬೇರೆ ಕಡೆಯಿಂದ ತರಿಸಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನೂ ತಿರುಗಿ ಆಡಿ ಹಗುರಾಗುತ್ತಿದ್ದೆ. ನುಗ್ಗೆಸೊಪ್ಪು ಉಂಡ ಹುಳ, ಮೊಟ್ಟೆ ಸಿಪ್ಪೆಯ ಪುಡಿ, ನಾನು ಅಂಗಡಿಯಿಂದ ತಂದ ಕ್ಯಾಲ್ಸಿಯಂ, ಎಲ್ಲ ಸೇರಿ ಮೂರು ತಿಂಗಳಲ್ಲಿ ಬಂಗಾರಿ ಎದ್ದು ನಿಂತಿತು. ಎಡಗಾಲು ಇವತ್ತಿಗೂ ತುಸು ವಾರೆ.

ಇಷ್ಟೆಲ್ಲ ಆದ ಮೇಲೆ ನಾನು ಮಾಡಿದ ಕೆಲಸ ನೋಡಿ.

ಹೋದ ಬೇಸಿಗೆಯಲ್ಲಿ ಕಾಕಾಗೆ ಕಣ್ಣಿನ ಆಪರೇಷನ್ ಎಂದಾಯಿತು. ಕೊಪ್ಪಳದಲ್ಲಿ ಮಾಡಿಸಿ, ಹಿಟ್ನಾಳದ ನೆಂಟರ ಮನೆಯಲ್ಲಿ ವಾರ ಇದ್ದು ಬರುವುದು ಎಂದು ಹಸೀನಾ ಪಟ್ಟು ಹಿಡಿದು ಕೂತಿದ್ದಳು. ಇಲಿಗಳನ್ನೆಲ್ಲ ಹೊಸಪೇಟೆಯವನಿಗೆ ಕೊಟ್ಟರು, ಜೀರುಂಡೆ ಮೊದಲೇ ಖಾಲಿಯಾಗಿತ್ತು. ಮೂರು ಹುಳದ ಟಬ್ಬುಗಳನ್ನು ಮಾತ್ರ, "ನಿನ್ನ ಬಿಟ್ರ ಯಾರ ಹಂತ್ಯಾಕೂ ಇಡಾಕ ನನಗ ಧೈರ್ಯ ಇಲ್ಲ ತಂಗಿ" ಎಂದು ಆಟೋದಲ್ಲಿ ನಮ್ಮ ಮನೆಗೆ ಕಳಿಸಿದರು. ಅವ್ವ ಬಾಲ್ಕನಿಯ ಒಂದು ಡಬ್ಬಿ ಹುಳವನ್ನೇ, ಅದರೊಳಗೆ ಎಂದೂ ಇಣುಕದೆ, ಕಷ್ಟಪಟ್ಟು ಸಹಿಸಿಕೊಂಡವಳು. ಮೂರು ಟಬ್ಬು ತುಂಬ ಹುಳ ಎಂದರೆ ಟಬ್ಬಿನ ಜೊತೆ ನನ್ನನ್ನೂ ಹೊರಗೆ ಹಾಕುತ್ತಾಳೆ. ಅದಕ್ಕೆ ಸುಳ್ಳು ಹೇಳಿದೆ.

"ಕಾಕಾನ ಆಡಿಗೆ ತೌಡು ಬೇ. ಒಂದ್ ವಾರ ಇರ್ಲಿ."

ಪ್ರತಿದಿನ ಬೆಳಿಗ್ಗೆ ಅವ್ವ ಪೂಜೆಯಲ್ಲಿದ್ದಾಗ ಗುಟ್ಟಾಗಿ ಸೊಪ್ಪು ಹಾಕುತ್ತಿದ್ದೆ. ಐದನೆಯ ದಿನ ನಾನು ಅಂಗಡಿಯಲ್ಲಿದ್ದಾಗ ಅವ್ವ ಟಬ್ಬಿನ ಮುಚ್ಚಳ ತೆಗೆದಳು. ಕಣ್ಣು ಆಪರೇಷನ್ ಮಾಡಿಸಿಕೊಂಡು ಮಲಗಿದ ಬಡಪಾಯಿಯ ತೌಡಿಗೆ ಹುಳ ಹಿಡಿದಿದೆ! ಅವ್ವನ ಜೀವ ಚುರ್ರೆಂದಿತು. ಜೋಳಕ್ಕೆ, ಅಕ್ಕಿಗೆ, ಹಿಟ್ಟಿಗೆ ಹುಳ ಬಿದ್ದರೆ ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೋ ಅದನ್ನು ಶ್ರದ್ಧೆಯಿಂದ ಮಾಡಿದಳು. ಮೂರೂ ಟಬ್ಬನ್ನು ಮಾಳಿಗೆಗೆ ಹೊತ್ತು, ಹಳೇ ಸೀರೆ ಹಾಸಿ, ಮಧ್ಯಾಹ್ನದ ಬಿಸಿಲಿಗೆ ಹರವಿದಳು. ಸಾಣಿಗೆ ಹಿಡಿದು ಸೋಸಿದಳು. ಸೋಸಿ ಬಂದದ್ದನ್ನು ಪಕ್ಕದ ಮನೆಯ ಕೋಳಿಗಳಿಗೆ ಚೆಲ್ಲಿದಳು. ಆಮೇಲೆ ಬೇವಿನ ಸೊಪ್ಪು ತರಿಸಿ ತೌಡಿನಲ್ಲಿ ಪದರ ಪದರವಾಗಿ ಬೆರೆಸಿ, ಟಬ್ಬು ತುಂಬಿ, ಮುಚ್ಚಳ ಹಾಕಿ, ಸಂಜೆ ನಾನು ಬರುವ ಹೊತ್ತಿಗೆ ಹೆಮ್ಮೆಯಿಂದ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟ್ ಹುಳಾ ಅಂತಿ! ಇನ್ನ ವರ್ಷ ಇಟ್ರೂ ಏನೂ ಆಗಂಗಿಲ್ಲ ನೋಡು."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾರನ್ನು ಬೈಯಲಿ?

ಕಾಕಾ ಹಿಟ್ನಾಳದಿಂದ ಬಂದ ದಿನವೇ ನಮ್ಮ ಮನೆಗೆ ಬಂದರು. ಒಂದು ಕಣ್ಣಿಗೆ ಪಟ್ಟಿ, ಮೇಲೆ ಕಪ್ಪು ಕನ್ನಡಕ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಟಬ್ಬಿನ ಮುಂದೆ ಕೂತು, ಎಂದಿನಂತೆ ಕಿವಿ ಹಚ್ಚಿದರು. ಬಹಳ ಹೊತ್ತು ಹಚ್ಚಿಯೇ ಇದ್ದರು. ಎರಡನೇ ಟಬ್ಬಿಗೆ ಹಚ್ಚಿದರು. ಮೂರನೆಯದಕ್ಕೂ ಹಚ್ಚಿದರು. ಆಮೇಲೆ ಮುಚ್ಚಳ ತೆಗೆದು, ಒಂದು ಎಸಳು ಬೇವು ಎತ್ತಿ ಮೂಸಿದರು.

ಅವ್ವನಿಗೆ ಆಗಲೇ ಎಲ್ಲ ತಿಳಿದಿತ್ತು. ಸೆರಗು ಬಾಯಿಗೆ ಒತ್ತಿ, "ನನಗ ಗೊತ್ತಾಗ್ಲಿಲ್ಲೋ ಯಪ್ಪಾ" ಎಂದಳು.

"ನಿಂದೇನ ತಪ್ಪೈತಿ ಯವ್ವಾ? ಸಂಸಾರ ನಡಸೋ ಹೆಣ್ಮಗಳು ತೌಡಿನ್ಯಾಗ ಹುಳಾ ಕಂಡು ಸುಮ್ಮನ ಕುಂದರ್ತಾಳೇನು? ನನ್ನ ಹೇಣ್ತಿ ಇದ್ರೂ ಇದನ್ನ ಮಾಡ್ತಿದ್ಲು."

ನನ್ನ ಕಡೆ ತಿರುಗಲಿಲ್ಲ. ಟಬ್ಬಿನ ಮೂಲೆಗಳನ್ನು, ಸಾಣಿಗೆಯ ಅಂಚನ್ನು, ಆ ಹಳೇ ಸೀರೆಯ ಮಡಿಕೆಗಳನ್ನು ಬೆರಳಿನಿಂದಲೇ ತಡವಿ ತಡವಿ ಒಂದು ಹಿಡಿಯಷ್ಟು ಜೀವಂತ ಹುಳ ಹುಡುಕಿದರು. ಅವನ್ನು ಸಣ್ಣ ಟಬ್ಬಿಗೆ ಹಾಕಿಕೊಂಡು ಹೋದರು.

ಮುಂದಿನ ಭಾನುವಾರ ನಾನು ಹೋದೆ. ಬಂಗಾರಿಗೆ ಹುಳ ಹಾಕಿ ಆರು ದಿನ ಆಗಿತ್ತು. ಹಸೀನಾ ಅಪ್ಪನನ್ನು ನೋಡಿಕೊಳ್ಳಲು ಬಂದಿದ್ದಳು. ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಕಾಕಾ, ಅದರಾಗಿಂದ ಹತ್ತ ಹುಳಾ ಕೊಡ್ರಿ. ಬಂಗಾರಿ ಉಪಾಸ ಐತಿ."

"ಅವು ಬೀಜದ ಹುಳಾ ತಂಗಿ. ಬಿತ್ತಾಕ ಇಟ್ಟದ್ದನ್ನ ಯಾರರ ಹುರದು ತಿಂತಾರೇನು? ಒಂದೆರಡ ತಿಂಗಳ ತಡಿ. ಕೋಶ ಕಟ್ತಾವ, ಕರೀ ದುಂಬಿ ಆಕ್ಕಾವ, ತತ್ತಿ ಇಡತಾವ. ಮತ್ತ ಟಬ್ ತುಂಬತೈತಿ."

"ಅಲ್ಲೀತನಾ ಅದು ಸಾಯಬೇಕೇನ್ರಿ?"

"ಸಾಯಂಗಿಲ್ಲ. ದೇವರು ಅದಕ್ಕ ಬಾಲದಾಗ ಬುತ್ತಿ ಕಟ್ಟಿ ಕಳಸ್ಯಾನ. ಬಾಲ ದಪ್ಪ ಇರೋತನಾ ಅಂಜಬ್ಯಾಡ. ನಡುವ ಗ್ವಾಡಿ ಮ್ಯಾಗಿನ ಹುಳಾ ಹುಪ್ಪಡಿ ಹಿಡದು ಹಾಕು."

ಸಮಾಧಾನದಿಂದ ಹೇಳಿದರು. ಆ ಸಮಾಧಾನವೇ ನನ್ನ ನೆತ್ತಿಗೇರಿತು. ಸುಳ್ಳು ಹೇಳಿದವಳು ನಾನು. ವಾರದಿಂದ ಅವರ ಬೈಗುಳಕ್ಕೆ ಕಾಯುತ್ತಿದ್ದೆ. ಅದು ಬರಲೇ ಇಲ್ಲ. ತಪ್ಪು ನಮ್ಮದಾದಾಗ ಬರುವ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಬೇರೆ ಇಲ್ಲ.

"ನಿಮಗ ಹುಳದ ಹೊಟ್ಟಿ ಕಾಣತೈತಿ, ನಮ್ಮ ಬಂಗಾರಿ ಹೊಟ್ಟಿ ಕಾಣಂಗಿಲ್ಲ! ಕುಂದರ್ರಿ, ಹುಳಕ್ಕ ಊಟಾ ಹಾಕ್ಕೊಂತ ಕುಂದರ್ರಿ ನೀವು!"

ಕಣ್ಣಿಗೆ ಪಟ್ಟಿ ಕಟ್ಟಿದ ಮನುಷ್ಯನಿಗೆ ಕಾಣುವುದಿಲ್ಲ ಎಂದೆ ನಾನು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಎದ್ದು ಚಪ್ಪಲಿ ಮೆಟ್ಟಿದೆ. ಕಾಕಾ ಗೋಡೆ ಹಿಡಿದು ಬಾಗಿಲವರೆಗೆ ಬಂದರು.

"ಉಂಡ್ ಹೋಗು ತಂಗಿ. ಹಸೀನಾ ಪುಂಡಿಪಲ್ಲೆ ಮಾಡ್ಯಾಳ."

"ನನಗ ಬ್ಯಾಡ."

"ಎರಡ ತುತ್ತು ಉಂಡ್ ಹೋಗು. ಸಿಟ್ಟು ಉಂಡ ಮ್ಯಾಲೂ ಇರತೈತಿ, ಎಲ್ಲೀ ಹೋಗಂಗಿಲ್ಲ."

ನಾನು ತಿರುಗಿ ನೋಡದೆ ಬಂದೆ.

ಮೂರು ಭಾನುವಾರ ಹೋಗಲಿಲ್ಲ. ಮತ್ತೆ ಪಾರ್ಸೆಲ್ಲಿನ ಹುಳ ತರಿಸಿದೆ. ಈ ಸಲ ಅವಕ್ಕೆ ನುಗ್ಗೆಸೊಪ್ಪು ಹಾಕಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಡಬ್ಬಿಗೆ ಕಿವಿ ಹಚ್ಚಿದೆ. ಬಂಗಾರಿಯ ಬಾಲ ಸ್ವಲ್ಪವೂ ಇಳಿದಿರಲಿಲ್ಲ. ಕಾಕಾ ಹೇಳಿದ್ದೇ ಸರಿಯಿತ್ತು, ಅದಕ್ಕೂ ಸಿಟ್ಟು ಬಂತು. ನಾಲ್ಕನೇ ಭಾನುವಾರ ಹೋಗಿಯೇ ಬಿಡುವುದೆಂದು ಮನಸ್ಸು ಮಾಡಿದ್ದೆ. ಏನೂ ಆಗಿಲ್ಲವೆನ್ನುವಂತೆ ಕಟ್ಟೆಯ ಮೇಲೆ ಕೂತರೆ ಅವರು ಚಹಾ ಇಡುತ್ತಾರೆ, ಮಾತು ತಾನಾಗಿ ಶುರುವಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಶನಿವಾರ ಅವರ ಓಣಿಯ ಹೆಂಗಸೊಬ್ಬಳು ಅಂಗಡಿಗೆ ಗುಳಿಗೆ ಒಯ್ಯಲು ಬಂದಳು.

"ನಿಮಗ ಗೊತ್ತಾಗಿಲ್ಲೇನ್ರಿ? ಮೌಲಾಸಾಬ್ ಕಾಕಾ ಹೋದ್ರಲ್ರಿ. ಮಗಳು ಕುಷ್ಟಗಿಗೆ ಕರಕೊಂಡ್ ಹೋಗಿದ್ಲು. ಮೊನ್ನೆ ನಮಾಜಿಗೆ ಅಂತ ಎದ್ದೋರು ಅಲ್ಲೇ ಕುಸದ್ರಂತ. ಎದಿ ನಿಂತಿತ್ತಂತ."

ಅವಳ ಗುಳಿಗೆ ಕೈಯಲ್ಲಿ ಹಿಡಿದು, "ಉಂಡ ಮ್ಯಾಲೆ ತಗೋರಿ" ಎಂದು ಹೇಳಿದೆ. ಆಮೇಲೆ ಶಟರ್ ಎಳೆದೆ.

ಮರುದಿನ ತಾವರಗೇರಾ ಮೇಲೆ ಹೋಗುವ ಬಸ್ಸು ಹಿಡಿದು ಕುಷ್ಟಗಿಗೆ ಹೋದೆ. ಹಸೀನಾ ನನ್ನನ್ನು ಕಂಡವಳೇ ಒಳಗೆ ಕರೆದು ಚಾಪೆ ಹಾಸಿದಳು. ಮೂಲೆಯಲ್ಲಿ ಆ ಸಣ್ಣ ಟಬ್ಬಿತ್ತು. ಪಟ್ಟಿ ಬಿಚ್ಚದ ಕಣ್ಣಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಕಾಕಾ ಕುಷ್ಟಗಿಯವರೆಗೆ ಬಂದಿದ್ದರಂತೆ. ಕೆಲವು ಹುಳ ಕೋಶ ಕಟ್ಟಿದ್ದವು, ನಾಲ್ಕಾರು ಆಗಲೇ ಕರೀ ದುಂಬಿಯಾಗಿ ತೌಡಿನ ಮೇಲೆ ಓಡಾಡುತ್ತಿದ್ದವು. ಮೇಲೆ ಹಾಕಿದ್ದ ನುಗ್ಗೆಸೊಪ್ಪು ಹಸಿರಾಗಿಯೇ ಇತ್ತು. ಅಪ್ಪ ಹೋದ ಮೇಲೂ ಹಸೀನಾ ಹಾಕುತ್ತಿದ್ದಳು.

ನಾನು ಟಬ್ಬಿಗೆ ಕೈ ಚಾಚಿದೆ. ಹಸೀನಾ ಅದನ್ನು ಪಕ್ಕಕ್ಕೆ ಸರಿಸಿ, ಬೋಗುಣಿಯಲ್ಲಿ ಕೈತೊಳೆಯಲು ನೀರು ತಂದಿಟ್ಟಳು.

"ಟಬ್ ನಿಮ್ದ ಐತ್ರಿ ಅಕ್ಕಾರ. ಆ ಸಿಟ್ಟಿನಾಕಿ ಬರ್ತಾಳ, ಆಕಿಗೆ ಕೊಡು ಅಂತ ಇಲ್ಲಿಗೆ ಬಂದ ದಿನಾನ ಅಪ್ಪಾ ಹೇಳಿದ್ರು. ಆದರ ಮದಲ ಉಣಿಸು ಅಂದಾರ. ನಮ್ಮ ಮನಿಂದ ಹಸಕೊಂಡ್ ಹೋದಾಕಿ ಆಕಿ ಒಬ್ಬಾಕಿನ, ಹಂಗ ಬಿಡಬ್ಯಾಡ ಅಂದಾರ."

ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಹಾಕಿದ ತಾಟು ಮುಂದೆ ಇಟ್ಟು, ನಾನು ಉಣ್ಣುವುದನ್ನು ನೋಡಬಾರದೆಂದು ಅವಳು ಗೋಡೆಯ ಕಡೆ ಮುಖ ಮಾಡಿ ಕೂತಳು. ರೊಟ್ಟಿ ಮುರಿದು ಪಲ್ಲೆ ಹಚ್ಚಿಕೊಂಡೆ. ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟೇ. ಮೂರು ವರ್ಷ, ಪ್ರತಿ ಭಾನುವಾರ, ಆ ಕಟ್ಟೆಯ ಮೇಲೆ ನನ್ನನ್ನು ಕಾಯಿಸಿದ ಮನುಷ್ಯ ಅವರು. ನನಗಾಗಿ ಇನ್ನೊಂದೇ ಒಂದು ಭಾನುವಾರ ಕಾಯಲು ಅವರಿಂದ ಆಗಲಿಲ್ಲವೇ?

ತಾಟು ಖಾಲಿಯಾಗುವವರೆಗೆ ಹಸೀನಾ ಟಬ್ಬು ಕೊಡಲಿಲ್ಲ.